ಜಡ್ಡುಗಟ್ಟಿದ ಅಂಗೈ

‘ಇವ್ನು ಓದಿ ಉದ್ಧಾರ ಆದಂಗೇ’ ಎಂದವನು ನನ್ನ ಅಪ್ಪ. ನಾನು ಬಿ.ಎ. ಮುಗಿಸಿದೆ. ಆದರೂ ಹತ್ತನೆಯ ವಯಸ್ಸಿನ ಒಂದು ಹೆದರಿಕೆ ಇನ್ನೂ ಹೋಗಿಲ್ಲ.

ಹೊಳಲ್ಕೆರೆ ಕೋರ್ಟು ನನಗೆ ಕೊಡಿಸಿದ್ದ ಜೀವನಾಂಶದ ಮೇಲೆ, ಅವ್ವನನ್ನು ಬಿಟ್ಟಿದ್ದ ಅಪ್ಪ ಚಿತ್ರದುರ್ಗದಲ್ಲಿ ಅಪೀಲು ಹಾಕಿದ. ಜೀವನಾಂಶ ನಿಂತರೆ ನನ್ನ ಶಾಲೆಯೂ ನಿಲ್ಲುತ್ತಿತ್ತು.

‘ಹುಡ್ಗ ಕೂಲಿ ದುಡೀತಾನೆ ಸ್ವಾಮಿ, ಕೈ ನೋಡ್ರಿ’ ಎಂದ ಅಪ್ಪ, ವಿಚಾರಣೆಯ ದಿನ ಅಲ್ಲಿನ ನ್ಯಾಯಾಧೀಶರಿಗೆ.

ರಜೆಯಲ್ಲಿ ಗುದ್ದಲಿ ಹಿಡಿದು ನನ್ನ ಅಂಗೈ ಜಡ್ಡುಗಟ್ಟಿತ್ತು. ಎರಡೂ ಕೈಗಳನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡೆ. ನ್ಯಾಯಾಧೀಶರು ‘ತೋರಿಸಪ್ಪ’ ಎಂದಾಗ ತೋರಿಸದೆ ವಿಧಿಯಿರಲಿಲ್ಲ.

ಆಗ ಸೋದರಮಾವ ಮುಂದೆ ಬಂದು, ನಾನು ಓದುತ್ತಿರುವುದಾಗಿ ಹೆಡ್‌ಮಾಸ್ತರರು ಬರೆದುಕೊಟ್ಟಿದ್ದ ಸರ್ಟಿಫಿಕೇಟನ್ನು ನ್ಯಾಯಾಧೀಶರ ಕೈಗೆ ಕೊಟ್ಟು ಹೇಳಿದ:

‘ದುಡಿಯೋದು ಸುಳ್ಳಲ್ಲ ಸ್ವಾಮಿ, ರಜದಾಗೆ ದುಡೀತಾನೆ. ಇವ್ನಪ್ಪ ಕೊಡದಿದ್ರೆ ವರ್ಷವೆಲ್ಲ ದುಡೀತಾನೆ.’