ಬಾಯಿ ಆಡಿಸುವವರ ಸಾಲು

ಸಂಗೀತದ ಟೀಚರ್ ಕರುಣೆಯಿಲ್ಲದ ಹೆಂಗಸು. ತೀರಿಕೊಂಡವರ ಬಗ್ಗೆ ಒಳ್ಳೆಯದನ್ನೇ ಆಡಬೇಕೆಂಬ ಸಭ್ಯತೆಯನ್ನು ಇಲ್ಲಿ ಪಾಲಿಸಿದರೆ ಆಕೆಗೇ ಅವಮಾನ ಮಾಡಿದಂತೆ. ಬದುಕಿದ್ದಷ್ಟು ಕಾಲ ಯಾರ ಮುಖ ನೋಡಿಯೂ ಆಕೆ ತನ್ನ ಮಾತನ್ನು ಮೆದುಮಾಡಿಕೊಂಡವಳಲ್ಲ. ಹೊರಗೆ ಗಡಸು, ಒಳಗೆ ಬೆಣ್ಣೆ ಎಂದು ಸಂತಾಪ ಸಭೆಯಲ್ಲಿ ಯಾರೋ ಹೇಳಿದರು. ಆ ಬೆಣ್ಣೆಯನ್ನು ಕಂಡವರು ಯಾರೂ ಇಲ್ಲ. ಆಕೆಗೆ ಪ್ರೀತಿ ಇದ್ದದ್ದು ಶ್ರುತಿಯ ಮೇಲೆ. ಶ್ರುತಿಗೆ ಸಿಗುವ ಮಕ್ಕಳು ಸರಿ. ಸಿಗದವರು ಆಕೆಯ ಪಾಲಿಗೆ ನಡೆಯುವ ದಾರಿಯಲ್ಲಿ ಯಾರೋ ಬಿಟ್ಟುಹೋದ ಕುರ್ಚಿಗಳು.

ಆಕೆಯ ತಂದೆ ಚರ್ಚಿನಲ್ಲಿ ಹಾರ್ಮೋನಿಯಂ ನುಡಿಸುತ್ತಿದ್ದವರು. ಒಂದು ಭಾನುವಾರ ಬಲಿಪೂಜೆಯ ಆರಾಧನೆಯ ನಡುವೆ ಅವರು ಎದೆ ಹಿಡಿದುಕೊಂಡು ಒರಗಿದರು. ಜನ ಅವರನ್ನು ಎತ್ತಿಕೊಂಡು ಹೊರಗೆ ಓಡಿದರು. ಮಗಳು ಹಿಂದೆ ಓಡಲಿಲ್ಲ. ಖಾಲಿಯಾದ ಸ್ಟೂಲಿನ ಮೇಲೆ ಕೂತು ಹಾಡನ್ನು ಮುಗಿಸಿದಳು. ಹೊರಗೆ ಹೋಗುವಷ್ಟರಲ್ಲಿ ತಂದೆಯ ಉಸಿರು ನಿಂತಿತ್ತು. ಅದನ್ನು ಭಕ್ತಿ ಎಂದವರಿದ್ದಾರೆ, ಕಲ್ಲೆದೆ ಎಂದವರೂ ಇದ್ದಾರೆ. ಆಕೆಯನ್ನೇ ಕೇಳಿದಾಗ, "ಚರಣ ಅರ್ಧಕ್ಕೆ ನಿಂತಿತ್ತು" ಎಂದಷ್ಟೇ ಹೇಳಿದಳು.

ಆಮೇಲೆ ಆಕೆ ಕನ್ಯಾಸ್ತ್ರೀಯರ ಪ್ರಾಥಮಿಕ ಶಾಲೆಗೆ ಸಂಗೀತ ಕಲಿಸಲು ಬಂದಳು, ಕೂದಲು ಬೆಳ್ಳಗಾಗುವವರೆಗೂ ಅಲ್ಲೇ ಉಳಿದಳು. ಮದುವೆಯ ಮಾತು ತಂದವರಿಗೆ, "ಗೊರಕೆ ಯಾವ ಶ್ರುತಿಯಲ್ಲಿರುತ್ತೋ ಯಾರಿಗೆ ಗೊತ್ತು" ಎಂದು ಬಾಗಿಲು ಹಾಕಿದಳು. ಬೇಕರಿಯ ಹಿಂದಿನ ಎರಡು ಕೋಣೆಗಳಲ್ಲಿ ವಿಧವೆ ಅಕ್ಕನ ಜೊತೆ ಇದ್ದಳು. ಆ ಅಕ್ಕ ಹೇಳುವಂತೆ, ಒಲೆಯ ಮೇಲೆ ಹಾಲು ಉಕ್ಕಿದರೂ ಆಕೆ ಏಳುತ್ತಿರಲಿಲ್ಲ. ತಟ್ಟೆ ಬಿದ್ದರೆ ಮಾತ್ರ ಹುಬ್ಬು ಗಂಟಿಕ್ಕುತ್ತಿದ್ದಳು. ಮಕ್ಕಳು ಆಕೆಗೆ 'ಶ್ರುತಿಪೆಟ್ಟಿಗೆ' ಎಂದು ಹೆಸರಿಟ್ಟಿದ್ದರು. ಆಕೆಗೆ ಅದು ಗೊತ್ತಿತ್ತು, ಬೇಸರವಿರಲಿಲ್ಲ. ಶ್ರುತಿಪೆಟ್ಟಿಗೆ ಸುಳ್ಳು ಹೇಳುವುದಿಲ್ಲ.

ಶಾಲೆಯ ಕಟ್ಟಡದ ಒಂದು ಬದಿ ತರಗತಿಗಳು, ಇನ್ನೊಂದು ಬದಿ ಪ್ರಾರ್ಥನಾಲಯ. ಎರಡೂ ಸೇರುವ ಮೂಲೆಯಲ್ಲಿ ಸಂಗೀತದ ಕೋಣೆ. ಮೇಣ, ಸೀಮೆಸುಣ್ಣ, ಒದ್ದೆ ನೆಲ, ಮೂರರ ವಾಸನೆಯೂ ಅಲ್ಲಿ ಕೂಡಿಕೊಳ್ಳುತ್ತಿತ್ತು. ಪ್ರತಿ ಶುಕ್ರವಾರ ಇಡೀ ಶಾಲೆಗೆ ಬಲಿಪೂಜೆ, ಅದಕ್ಕೆ ಮಕ್ಕಳದೇ ಗಾಯನವೃಂದ. ವರ್ಷದ ಮೊದಲ ವಾರ ಟೀಚರ್ ಒಂದೊಂದೇ ಮಗುವನ್ನು ಹಾರ್ಮೋನಿಯಂ ಪಕ್ಕ ನಿಲ್ಲಿಸಿ, ಒಂದು ಮನೆ ಒತ್ತಿ ಸ್ವರ ಕೊಟ್ಟು, "ಆ ಅನ್ನು" ಎನ್ನುತ್ತಿದ್ದಳು. ಕೇಳಿ ಮುಗಿಸಿ ತೋರುಬೆರಳನ್ನು ಮುಂದಕ್ಕೋ ಹಿಂದಕ್ಕೋ ಆಡಿಸುತ್ತಿದ್ದಳು. ಹಿಂದಕ್ಕೆ ಎಂದರೆ ಕೊನೆಯ ಸಾಲು. ಅಲ್ಲಿ ನಿಂತವರಿಗೆ ಒಂದೇ ನಿಯಮ: "ಬಾಯಿ ಆಡಿಸು, ದನಿ ಬೇಡ."

ಬೆಂಚುಗಳಲ್ಲಿ ಕೂತ ತಾಯಿತಂದೆಯರಿಗೆ ಎಲ್ಲ ಮಕ್ಕಳ ಬಾಯಿಯೂ ತೆರೆದು ಮುಚ್ಚುವುದು ಕಾಣುತ್ತಿತ್ತು. ಎಲ್ಲರಿಗೂ ಸಮಾಧಾನ. ಆಕೆ ನಿವೃತ್ತಳಾಗುವವರೆಗೂ ಆ ಸಾಲು ಹಾಗೆಯೇ ಇತ್ತು. ಅದನ್ನು ಆಕೆ ಕೊನೆಗೆ ತೆಗೆದುಹಾಕಿದಳೆಂದು ಯಾರಾದರೂ ಹೇಳಿದರೆ ನಂಬಬೇಕಾಗಿಲ್ಲ.

ಶಾಲೆಯ ಆಯಾಳ ಮಗಳು ಆ ಸಾಲಿನವಳು. ಎರಡು ಜಡೆಯ ಸಣಕಲು ಹುಡುಗಿ. ಯಾವ ಮಾತಿಗೂ ಮೊದಲು "ಯಾಕೆ?" ಎನ್ನುತ್ತಿದ್ದುದರಿಂದ ತರಗತಿಯಲ್ಲಿ ಅವಳನ್ನು 'ಯಾಕಮ್ಮ' ಎಂದೇ ಕರೆಯುತ್ತಿದ್ದರು. ತಾಯಿ ಬಾಯಿ ಜೋರಿನ ಹೆಂಗಸು. ಶುಕ್ರವಾರ ಮಾತ್ರ ಬೆಳಗಿನ ಕೆಲಸವನ್ನು ಎದ್ದೂಬಿದ್ದೂ ಮುಗಿಸಿ, ಕೈಕಾಲು ತೊಳೆದು, ಪ್ರಾರ್ಥನಾಲಯದ ಕೊನೆಯ ಬೆಂಚಿನ ತುದಿಯಲ್ಲಿ ಕೂತುಬಿಡುತ್ತಿದ್ದಳು. ಹಾಡು ಮುಗಿದಮೇಲೆ ಗೇಟಿನ ಕಾವಲುಗಾರನ ಹತ್ತಿರ ಅವಳದು ಅದೇ ಮಾತು.

"ಅಷ್ಟು ಮಕ್ಕಳ ಮಧ್ಯೆ ನನ್ನ ಮಗಳ ದನಿ ಬೆರಳಿಟ್ಟು ತೋರಿಸ್ತೀನಿ ಕಣಣ್ಣ. ಎಷ್ಟು ತೆಳ್ಳಗೆ, ದಾರ ಎಳೆದ ಹಾಗೆ."

"ನನಗೆ ಗೇಟಿನ ಹತ್ರ ಕಾಗೆದು ಬಿಟ್ರೆ ಇನ್ಯಾವ ದನೀನೂ ಕೇಳಲ್ಲಮ್ಮ."

"ನಿನ್ನ ಕಿವೀಲಿ ಕಾಗೆ ಗೂಡು ಕಟ್ಟಿದೆ, ಅದಕ್ಕೆ."

ಮಗಳು ಕೊನೆಯ ಸಾಲಿನವಳೆಂದು ಕಾವಲುಗಾರನಿಗೂ ಗೊತ್ತಿತ್ತು, ಸಿಸ್ಟರುಗಳಿಗೂ ಗೊತ್ತಿತ್ತು. ಆ ಸಾಲಿನ ನಿಯಮವನ್ನು ಆಯಾಗೆ ಹೇಳುವ ಗೋಜಿಗೆ ಯಾರೂ ಹೋಗಿರಲಿಲ್ಲ.

ಆ ವರ್ಷ ಯಾಕಮ್ಮ ಪ್ರಥಮ ಪರಮಪ್ರಸಾದಕ್ಕೆ, ಬಲಿಪೀಠದ ಮುಂದೆ ಕ್ರಿಸ್ತನ ರೊಟ್ಟಿಯನ್ನು ಮೊದಲ ಸಲ ಸ್ವೀಕರಿಸುವುದಕ್ಕೆ, ತಯಾರಾಗುತ್ತಿದ್ದಳು. ಅದಕ್ಕೆ ಮುಂಚೆ ಮಕ್ಕಳು ಫಾದರ್ ಎದುರು ತಮ್ಮ ತಪ್ಪುಗಳನ್ನು ಹೇಳಿಕೊಂಡು ಮೊದಲ ಪಾಪನಿವೇದನೆ ಮಾಡಬೇಕು. ಯಾವುದು ಪಾಪ, ಯಾವುದು ಅಲ್ಲ ಎಂದು ಕಲಿಯಬೇಕು. ಧರ್ಮೋಪದೇಶದ ಸಿಸ್ಟರ್ ಚಿಕ್ಕ ವಯಸ್ಸಿನವರು, ಚುರುಕಾಗಿ ಕಲಿಸುತ್ತಿದ್ದರು. ಸುಳ್ಳಿನ ಪಾಠದ ದಿನ ಅವರು, "ಸುಳ್ಳನ್ನ ಬಾಯಲ್ಲೇ ಹೇಳಬೇಕು ಅಂತಿಲ್ಲ. ಇಲ್ಲದ್ದನ್ನ ಇದೆ ಅಂತ ಇನ್ನೊಬ್ಬರು ನಂಬೋ ಹಾಗೆ ಮಾಡಿದ್ರೂ ಸುಳ್ಳೇ" ಎಂದರು.

ಉಳಿದ ಮಕ್ಕಳು ತಲೆಯಾಡಿಸಿದರು. ಯಾಕಮ್ಮ ಕೈಯೆತ್ತಿದಳು. "ಸಿಸ್ಟರ್, ಹಾಡದೇ ಬಾಯಿ ಆಡಿಸಿದ್ರೆ?"

ಸಿಸ್ಟರಿಗೆ ನಗು ಬಂತು. "ಹೋಗಿ ಸಂಗೀತದ ಟೀಚರನ್ನ ಕೇಳಮ್ಮ" ಎಂದರು. ತಮಾಷೆಗೆ ಹೇಳಿದ ಮಾತು. ತಮಾಷೆ ಎಂಬುದು ಆ ಹುಡುಗಿಯ ತಲೆಗೆ ಹೋಗುತ್ತಿರಲಿಲ್ಲ. ಗಂಟೆ ಹೊಡೆದದ್ದೇ ಸಂಗೀತದ ಕೋಣೆಯ ಬಾಗಿಲಲ್ಲಿ ನಿಂತಳು.

"ಟೀಚರ್, ನಾನು ಪ್ರತಿ ಶುಕ್ರವಾರ ಸುಳ್ಳು ಹೇಳ್ತಿದ್ದೀನಿ."

"ಯಾರಿಗೆ?"

"ಅಮ್ಮಂಗೆ. ದೇವರಿಗೂ ಇರಬೇಕು. ನಾನು ಹಾಡ್ತೀನಿ ಅಂತ ಅಮ್ಮ ನಂಬಿದ್ದಾಳೆ. ನನ್ನ ದನಿ ಕೇಳ್ಸುತ್ತೆ ಅಂತಾಳೆ."

ಟೀಚರ್ ಹಾರ್ಮೋನಿಯಂ ಒರೆಸುತ್ತಿದ್ದವಳು ಬಟ್ಟೆ ಕೆಳಗಿಡಲಿಲ್ಲ. "ಸರಿ. ಅಮ್ಮನಿಗೆ ನಿಜ ಹೇಳು."

"ಹೇಳಿದ್ರೆ ಅಮ್ಮ ಪೂಜೆಗೆ ಬರೋದೇ ಬಿಟ್ಟುಬಿಡ್ತಾಳೆ. ಒಂದು ಸಲ ಹಾಡಿಬಿಡ್ಲಾ ಟೀಚರ್? ಮೆತ್ತಗೆ?"

"ಮೆತ್ತಗಾದ್ರೂ ಅಪಸ್ವರ ಅಪಸ್ವರಾನೇ."

"ಮತ್ತೆ ಸುಳ್ಳು?"

"ಹಾಗಾದ್ರೆ ಬಾಯಿ ಆಡಿಸಬೇಡ. ಮುಚ್ಚಿಕೊಂಡು ನಿಂತ್ಕೋ. ಅದರಲ್ಲಿ ಯಾವ ಸುಳ್ಳೂ ಇಲ್ಲ."

ಹುಡುಗಿ ಯೋಚಿಸಿದಳು. ತರ್ಕ ಸರಿಯಾಗಿತ್ತು. ಆ ಶುಕ್ರವಾರ ಕೊನೆಯ ಸಾಲಿನಲ್ಲಿ ಎಲ್ಲರ ಬಾಯಿ ಆಡುತ್ತಿದ್ದಾಗ ಯಾಕಮ್ಮನ ಬಾಯಿ ಮಾತ್ರ ಹೊಲಿದ ಹಾಗೆ ಮುಚ್ಚಿತ್ತು. ಕೊನೆಯ ಬೆಂಚಿನಲ್ಲಿ ಆಯಾ ಕತ್ತು ಚಾಚಿ ನೋಡಿದಳು. ವಿಚಿತ್ರವೆಂದರೆ, ದಾರ ಎಳೆದಂಥ ತೆಳ್ಳಗಿನ ದನಿ ಮಾತ್ರ ಎಂದಿನಂತೆ ಕೇಳುತ್ತಲೇ ಇತ್ತು.

ಪೂಜೆ ಮುಗಿದದ್ದೇ ಆಯಾ ಕೈಯಲ್ಲಿ ಪೊರಕೆ ಹಿಡಿದುಕೊಂಡೇ ಸಂಗೀತದ ಕೋಣೆಗೆ ನುಗ್ಗಿದಳು.

"ಏನ್ ಟೀಚರಮ್ಮ, ನನ್ನ ಮಗಳಿಗೆ ಏನಂದ್ರಿ? ಹೊಸ ಬಿಳಿ ಫ್ರಾಕು ಹೊಲಿಸಿ ಇಟ್ಟಿದ್ದೀನಿ, ಇವಳು ನೋಡಿದ್ರೆ ಬಾಯಿಗೆ ಬೀಗ ಹಾಕ್ಕೊಂಡು ನಿಂತಿದ್ದಾಳೆ."

"ಅವಳು ಯಾವತ್ತೂ ಹಾಡಿಲ್ಲ. ಶ್ರುತಿ ಇಲ್ಲ ಅವಳಿಗೆ. ಬಾಯಿ ಆಡಿಸು ಅಂತ ನಾನೇ ಹೇಳಿದ್ದೆ."

"ನಾನು ಕೇಳಿದ್ದೀನಲ್ಲ! ಈ ಕಿವಿಯಲ್ಲೇ!"

"ನೀನು ಕೇಳಿದ್ದು ಡಾಕ್ಟರ ಮಗಳ ದನಿ ಕಣಮ್ಮ. ಎರಡನೇ ಸಾಲು, ಎಡಗಡೆ."

ಟೀಚರ ಜಾಗದಲ್ಲಿ ಬೇರೆ ಯಾರಾದರೂ ಇದ್ದಿದ್ದರೆ ಇಲ್ಲಿ ಒಂದು ಸುತ್ತುಬಳಸಿನ ಮಾತು ಹುಡುಕುತ್ತಿದ್ದರು. ಆಯಾ ಸ್ವಲ್ಪ ಹೊತ್ತು ಪೊರಕೆಯ ಕಡ್ಡಿಗಳನ್ನು ಅಂಗೈಗೆ ಕುಟ್ಟಿ ಸಮ ಮಾಡಿದಳು. ಸಮ ಮಾಡುವಂಥದ್ದು ಅದರಲ್ಲಿ ಏನೂ ಇರಲಿಲ್ಲ.

"ಅಲ್ಲಿಗೆ ನನ್ನ ಮಗಳ ದನಿ ನನಗೇ ಗೊತ್ತಿಲ್ಲ ಅಂದ ಹಾಗಾಯ್ತು" ಎಂದಳು.

"ಗೊತ್ತಿಲ್ಲ" ಎಂದಳು ಟೀಚರ್. ಆಯಾ ಆಡಿದ್ದು ಪ್ರಶ್ನೆಯಲ್ಲ ಎಂಬುದು ಆಕೆಗೆ ಹೊಳೆಯಲಿಲ್ಲ.

ಆಯಾ ಮತ್ತೆ ಪ್ರಾರ್ಥನಾಲಯದಲ್ಲಿ ಕೂರಲಿಲ್ಲ. ಮುಂಜಾನೆಯೇ ಬಂದು ನೆಲ ಒರೆಸುತ್ತಿದ್ದಳು, ಬೆಂಚುಗಳ ಧೂಳು ಹೊಡೆಯುತ್ತಿದ್ದಳು, ಗಂಟೆ ಹೊಡೆಯುವ ಹೊತ್ತಿಗೆ ಬಕೆಟ್ ಎತ್ತಿಕೊಂಡು ಹೊರಟುಬಿಡುತ್ತಿದ್ದಳು. ಕಾವಲುಗಾರ ಕರೆದು ತಮಾಷೆ ಮಾಡಿದರೂ ತಿರುಗಿ ಬೈಯಲಿಲ್ಲ. ಅದರಿಂದ ಅವನಿಗೇ ಗಾಬರಿಯಾಯಿತು. ಮಗಳ ಪರಮಪ್ರಸಾದದ ದಿನವಾದರೂ ಒಳಗೆ ಬಂದು ಕೂತ್ಕೋ ಎಂದು ಸಿಸ್ಟರುಗಳು ಹೇಳಿದಾಗ, "ಎಲ್ಲರೂ ನಗೋಕೆ ನಾನೊಬ್ಬಳು ಬೇಕಾ ಸಿಸ್ಟರ್? ಮಗಳನ್ನ ಕಳಿಸ್ತೀನಿ, ನನ್ನ ಬಿಟ್ಟುಬಿಡಿ" ಎಂದಳು.

ಮಗಳು ತಾಯಿಗಿಂತ ಒಂದು ಕೈ ಮೇಲು. ಪಾಪನಿವೇದನೆ ಮುಗಿಸಿ ಬಂದವಳೇ ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಎದುರು ನಿಂತಳು.

"ಅಮ್ಮ ಒಳಗೆ ಬರದಿದ್ರೆ ನಾನು ಪರಮಪ್ರಸಾದ ತಗೊಳ್ಳಲ್ಲ."

"ಹಾಗೆಲ್ಲ ಅನ್ನಬಾರದು ಕಂದ. ಫಾದರ್ ಕ್ಷಮೆ ಕೊಟ್ಟಿಲ್ವಾ?"

"ಕೊಟ್ರು. ಅದು ಪಾಪಾನೇ ಅಲ್ಲ ಅಂದ್ರು. ಆದ್ರೆ ಅಮ್ಮನಿಗೆ ನೋವಾಗಿದೆಯಲ್ಲ, ಅದನ್ನ ಫಾದರ್ ಹೇಗೆ ತೆಗೀತಾರೆ?"

ಸಿಸ್ಟರ್ ಟೀಚರನ್ನು ಕರೆಸಿದರು. ಪರಮಪ್ರಸಾದದ ದಿನ, ಭಾನುವಾರ, ಆ ಮಗು ಒಂದೇ ಒಂದು ಸಾಲು ಹಾಡಲಿ, ತಾಯಿಯನ್ನು ಕರೆತರುವ ಕೆಲಸ ನಮಗಿರಲಿ ಎಂದು ಕೇಳಿಕೊಂಡರು.

"ಬಿಷಪ್ ಬರ್ತಿದ್ದಾರೆ ಸಿಸ್ಟರ್. ಈ ಹಾಡು ಕಲಿಸೋಕೆ ನನಗೆ ಇಡೀ ವರ್ಷ ಹಿಡೀತು."

"ಒಂದು ಸಾಲು, ಟೀಚರ್."

"ಹರಕು ಒಂದೇ ಕಡೆ ಇದ್ದರೂ ಬಟ್ಟೆ ಹರಿದದ್ದೇ. ನಾನು ನಿಜ ಹೇಳಿದ್ದೀನಿ, ಅದಕ್ಕೆ ದಂಡ ಕಟ್ಟಲ್ಲ." ಆಕೆ ನಮಸ್ಕಾರ ಹೇಳಿ ಹೊರಟುಹೋದಳು. ಇಷ್ಟರವರೆಗೆ ಆಕೆಯ ಬಗ್ಗೆ ಮೊದಲು ಹೇಳಿದ ಮಾತಿನಲ್ಲಿ ಒಂದಕ್ಷರವನ್ನೂ ತಿದ್ದುವ ಅಗತ್ಯವಿಲ್ಲ.

ಭಾನುವಾರ ಪ್ರಾರ್ಥನಾಲಯದಲ್ಲಿ ಕಾಲಿಡಲು ಜಾಗವಿರಲಿಲ್ಲ. ಬಲಿಪೀಠದ ಮೇಲೆ ಬಿಳಿ ಹೂಗಳು, ಮುಂದಿನ ಬೆಂಚುಗಳಲ್ಲಿ ತಾಯಿತಂದೆಯರು, ಪೀಠದಲ್ಲಿ ಬಿಷಪ್. ಪರಮಪ್ರಸಾದ ಸ್ವೀಕರಿಸುವ ಮಕ್ಕಳು ಕಾಣಿಕೆಯ ಗೀತೆಯನ್ನು ಗಾಯನವೃಂದದ ಜೊತೆ ಹಾಡಿ, ಆಮೇಲೆ ಮುಂದಕ್ಕೆ ಬರಬೇಕೆಂದು ಏರ್ಪಾಡಾಗಿತ್ತು. ಯಾಕಮ್ಮ ಬಿಳಿ ಫ್ರಾಕಿನಲ್ಲಿ ಕೊನೆಯ ಸಾಲಿನಲ್ಲಿದ್ದಳು, ಬಾಯಿ ಮುಚ್ಚಿಕೊಂಡು. ಅವಳನ್ನು ತಾಯಿಯೇ ಬಾಗಿಲವರೆಗೆ ದರದರ ಎಳೆದು ತಂದು ಬಿಟ್ಟಿದ್ದಳು. ಮುಂದಕ್ಕೆ ಹೋಗುವ ಹೊತ್ತಿಗೆ ಹುಡುಗಿ ಏನು ಮಾಡುತ್ತಾಳೋ ಎಂದು ಮುಖ್ಯೋಪಾಧ್ಯಾಯಿನಿ ಸಿಸ್ಟರ್ ಜಪಸರವನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದರು. ಆಯಾ ಪಕ್ಕದ ಬಾಗಿಲ ಹೊರಗೆ ಕೆಲಸದ ಬಟ್ಟೆಯಲ್ಲೇ ನಿಂತಿದ್ದಳು. ಪಕ್ಕದಲ್ಲಿ ಬಕೆಟ್. ಅಲ್ಲಿ ಒರೆಸುವಂಥದ್ದು ಏನೂ ಇರಲಿಲ್ಲ.

ಕಾಲಲ್ಲಿ ತುಳಿದು ನುಡಿಸುವ ಹಾರ್ಮೋನಿಯಂ ಗೋಡೆಯ ಕಡೆಗೆ ಮುಖ ಮಾಡಿತ್ತು. ಬಲಿಪೀಠ ಮತ್ತು ಮಕ್ಕಳು ಕಾಣುವಂತೆ ಟೀಚರ್ ಅದರ ಮೇಲೊಂದು ಸಣ್ಣ ಕನ್ನಡಿ ನಿಲ್ಲಿಸಿಕೊಂಡಿದ್ದಳು. ಆ ಕನ್ನಡಿಯ ಅಂಚಿನಲ್ಲಿ ಪಕ್ಕದ ಬಾಗಿಲೂ ಕಾಣುತ್ತಿತ್ತು.

ಮೊದಲ ಚರಣ ಒಂದು ಕೂದಲೆಳೆಯಷ್ಟೂ ಸರಿಯದೆ ಮುಗಿಯಿತು. ಬಿಷಪ್ ತಲೆದೂಗಿದರು. ಎರಡನೇ ಚರಣದಲ್ಲಿ ಡಾಕ್ಟರ ಮಗಳ ದನಿ ಮೇಲೆದ್ದಿತು, ತೆಳ್ಳಗೆ, ದಾರ ಎಳೆದ ಹಾಗೆ. ಬಾಗಿಲಲ್ಲಿ ಆಯಾ ತಲೆಯೆತ್ತಿದಳು. ಆಮೇಲೆ ಬಗ್ಗಿ ಬಕೆಟ್ಟಿನ ಹಿಡಿ ಹಿಡಿದುಕೊಂಡು ತಿರುಗಿದಳು.

ಹಾರ್ಮೋನಿಯಂ ನಿಂತಿತು.

ಚರಣ ಅರ್ಧದಲ್ಲಿತ್ತು. ಟೀಚರ್ ಎರಡೂ ಕೈಗಳನ್ನು ಮನೆಗಳಿಂದ ಎತ್ತಿಬಿಟ್ಟಿದ್ದಳು. ಮಕ್ಕಳು ಒಂದೆರಡು ಪದ ಮುಂದೆ ಹೋಗಿ, ಗಲಿಬಿಲಿಗೊಂಡು ಸುಮ್ಮನಾದರು. ಇಡೀ ಪ್ರಾರ್ಥನಾಲಯ ತಿರುಗಿ ನೋಡಿತು. ತಂದೆಯ ಹಾಗೆ ಈಕೆಗೂ ಏನೋ ಆಯಿತೆಂದು ಹಳಬರು ಎದ್ದು ನಿಂತರು. ಟೀಚರ್ ಸ್ಟೂಲಿನ ಮೇಲೆ ಪೂರ್ತಿ ಈ ಕಡೆಗೆ ತಿರುಗಿ ಕೂತಳು. ತೋರುಬೆರಳು ಎದ್ದಿತು. ಕೊನೆಯ ಸಾಲಿನ ಯಾಕಮ್ಮನನ್ನು ತೋರಿಸಿತು, ಆಮೇಲೆ ಮುಂದಕ್ಕೆ ಆಡಿತು.

ಯಾಕಮ್ಮ ಜೀವನದಲ್ಲಿ ಮೊದಲ ಸಲ ಯಾಕೆ ಎಂದು ಕೇಳಲಿಲ್ಲ. ಮುಂದೆ ಬಂದು ನಿಂತಳು, ನಿಂತ ಚರಣವನ್ನು ಮೊದಲಿಂದ ಎತ್ತಿಕೊಂಡು ಹಾಡಿದಳು. ಚೆನ್ನಾಗಿ ಹಾಡಿದಳು ಎಂದು ಬರೆಯಲು ಸಾಧ್ಯವಿಲ್ಲ. ದಪ್ಪನೆಯ, ಒರಟು ದನಿ. ಏರಬೇಕಾದ ಕಡೆ ಇಳಿಯಿತು, ಇಳಿಯಬೇಕಾದ ಕಡೆ ಮೊಂಡು ಹಿಡಿದು ನಿಂತಿತು. ಬಿಷಪ್ ಕೈಯಲ್ಲಿದ್ದ ಪುಸ್ತಕ ನೋಡತೊಡಗಿದರು. ಬೆಂಚಿನಲ್ಲಿ ಯಾರೋ ಕಿಸಕ್ಕೆಂದರು.

ಬಕೆಟ್ ಕೆಳಗಿಟ್ಟ ಸದ್ದಾಯಿತು. ಆಯಾ ಹೊಸಿಲು ದಾಟಿ ಒಳಗೆ ಬಂದು, ಗೋಡೆಗೆ ಒರಗಿ ನಿಂತಿದ್ದ ಕಾವಲುಗಾರನ ಪಕ್ಕ ನಿಂತಳು.

"ಟೀಚರಮ್ಮ ಹೇಳಿದ್ದು ನಿಜ ಕಣಣ್ಣ" ಎಂದು ಪಿಸುಗುಟ್ಟಿದಳು. "ರಾಗ ಎಲ್ಲೋ, ಇವಳೆಲ್ಲೋ. ಥೇಟು ನಮ್ಮಪ್ಪನ ದನಿ." ಕಾವಲುಗಾರ ಜಾಗ ಬಿಟ್ಟುಕೊಟ್ಟ. ಅವಳ ಕಣ್ಣು ಮಗಳನ್ನು ಬಿಟ್ಟು ಸರಿಯಲಿಲ್ಲ.

ಅಷ್ಟರಲ್ಲಿ ಹುಡುಗಿ ತಡವರಿಸಿದಳು. ತಾಯಿಯನ್ನು ಒಳಗೆ ಕಂಡು ಮುಂದಿನ ಸಾಲಿನ ಪದಗಳು ತಲೆಯಿಂದ ಹಾರಿಹೋಗಿದ್ದವು. ಅವಳು ಟೀಚರ ಮುಖ ನೋಡಿದಳು.

ಟೀಚರ್ ಕೈ ಮಡಿಲಲ್ಲಿಟ್ಟುಕೊಂಡು ನೆಟ್ಟಗೆ ಕೂತಿದ್ದಳು. ಒಂದು ಮನೆ ಒತ್ತಿ ಶ್ರುತಿ ತೋರಿಸಿಬಿಡಬಹುದಿತ್ತು. ಒತ್ತಲಿಲ್ಲ. ಮಗುವಿನ ಕಣ್ಣಿಗೆ ಕಣ್ಣಿಟ್ಟು, ಮುಂದಿನ ಸಾಲಿನ ಒಂದೊಂದು ಪದಕ್ಕೂ ನಿಧಾನವಾಗಿ, ದನಿಯಿಲ್ಲದೆ, ತಾನು ಬಾಯಿ ಆಡಿಸಿದಳು.