ಎಕ್ಸ್‌ರೇಯಲ್ಲಿ ಕಾಣದ ಮಾಂಸ

ಮೂಳೆ ವಾರ್ಡಿನಲ್ಲಿ ಗಾಯ ತೊಳೆದು ಪಟ್ಟಿ ಕಟ್ಟುವ ಅಕ್ಕನಿಗೆ ಮೂಗಿನ ತುದಿಯಲ್ಲೇ ಕೋಪ. ಇಪ್ಪತ್ತೆರಡು ವರ್ಷ ಅದೇ ಟ್ರಾಲಿ ತಳ್ಳಿದವಳು. ಸಂಜೆ ಅವಳು ಚಪ್ಪಲಿ ಬಿಡುವ ಸದ್ದಿನಲ್ಲೇ ಮಗಳಿಗೆ ಗೊತ್ತಾಗಿಬಿಡುತ್ತಿತ್ತು.

"ಇವತ್ತು ಯಾರ ಮೇಲಮ್ಮ?"

ಆ ವಾರವೆಲ್ಲ ಒಂದೇ ಉತ್ತರ: "ದೊಡ್ಡ ಡಾಕ್ಟರ ಮೇಲೆ."

ಹತ್ತನೇ ಮಂಚದಲ್ಲಿ ಗೇಟು, ಕಿಟಕಿ ಮಾಡುವ ವೆಲ್ಡರ್ ಮಲಗಿದ್ದ. ಮೊಣಕಾಲಿನ ಕೆಳಗೆ ಮುರಿದ ಮೂಳೆಗೆ ಲೋಹದ ಪ್ಲೇಟು ಕೂರಿಸಿದ್ದರು. ಅಲ್ಲಿ ಮುಂಭಾಗದಲ್ಲಿ ಮಾಂಸವೇ ಇಲ್ಲ, ಬರೀ ಚರ್ಮ. ಅದನ್ನೇ ಎಳೆದು ಹೊಲಿದಿದ್ದರು. ಎಂಟನೇ ದಿನ ಹೊಲಿಗೆಯ ಅಂಚು ಕಪ್ಪಾಯಿತು, ಹತ್ತನೇ ದಿನ ಬಾಯಿ ಬಿಟ್ಟಿತು. ಒಳಗೆ ಅಂಗಿ ಗುಂಡಿಯಷ್ಟು ಜಾಗದಲ್ಲಿ ಪ್ಲೇಟು ಮಿನುಗಿತು. ವೆಲ್ಡರ್ ಇಣುಕಿ ನಕ್ಕ.

"ಒಳ್ಳೇ ಮಾಲೇ ಹಾಕಿದಾರೆ ಅಕ್ಕಾ. ತುಕ್ಕು ಹಿಡಿಯಲ್ಲ."

"ಅದಕ್ಕೆ ತುಕ್ಕು ಹಿಡಿಯಲ್ಲ. ನಿನ್ನ ಮೂಳೆ ಕೊಳೆಯುತ್ತೆ."

ಬೆತ್ತಲೆ ಲೋಹದ ಮೇಲೆ ಚರ್ಮ ತಾನಾಗಿ ಕೂಡುವುದಿಲ್ಲ. ರಕ್ತ ಹರಿಯುವ ಮಾಂಸ ಹೊದಿಸಬೇಕು. ಮೀನಖಂಡದ ಸ್ನಾಯುವನ್ನು ಬುಡ ಕೀಳದೆ ತಿರುಗಿಸಿ ತಂದು ಮುಚ್ಚಿದರೆ ಕಾಲು ಉಳಿಯುತ್ತದೆ, ತಡವಾದರೆ ಹೋಗುತ್ತದೆ. ದೊಡ್ಡ ಡಾಕ್ಟರಿಗೆ ಇದು ಗೊತ್ತಿಲ್ಲವೆಂದಲ್ಲ. ಅವರು ರೌಂಡ್ಸಿಗೆ ಬಂದವರೇ ಎಕ್ಸ್‌ರೇಯನ್ನು ಕಿಟಕಿಗೆ ಹಿಡಿದು, "ಭೇಷ್, ಸ್ಕೇಲ್ ಇಟ್ಟ ಹಾಗಿದೆ" ಎಂದು ಮುಂದಿನ ಮಂಚಕ್ಕೆ ಹೋಗುತ್ತಿದ್ದರು. ಎಕ್ಸ್‌ರೇಯಲ್ಲಿ ಸತ್ತ ಚರ್ಮ ಯಾವ ಜನ್ಮಕ್ಕೆ ಕಂಡೀತು! ಅಕ್ಕ ಎರಡು ಸಲ ಬಾಯಿಬಿಟ್ಟು ಹೇಳಿದಳು. "ಪಟ್ಟಿ ಕಟ್ಟೋದಷ್ಟೇ ನಿನ್ನ ಕೆಲಸ" ಎಂಬ ಉತ್ತರ ಬಂತು. ಅವಳ ಮೈಯೆಲ್ಲ ಉರಿದುಹೋಯಿತು.

ರೌಂಡ್ಸ್ ಮುಗಿಯುವ ತನಕ ಯಾವ ಗಾಯದ ಪಟ್ಟಿಯನ್ನೂ ಬಿಚ್ಚಬಾರದೆಂಬುದು ವಾರ್ಡಿನ ನಿಯಮ. ಹನ್ನೊಂದನೇ ದಿನ ಬೆಳಿಗ್ಗೆ ಅಕ್ಕ ಬಿಚ್ಚಿದಳು. ಗಾಯ ತೊಳೆದಳು, ಎಕ್ಸ್‌ರೇ ಲಕೋಟೆಯನ್ನು ಟ್ರಾಲಿಯ ಕೆಳಗೆ ತುರುಕಿದಳು, ಕೈಕಟ್ಟಿ ನಿಂತಳು.

"ಫಿಲ್ಮ್ ಎಲ್ಲಿ?" ಡಾಕ್ಟರು ಗದರಿದರು.

"ಕಾಲು ಇಲ್ಲಿದೆ ಸಾರ್. ನೋಡಿ."

"ಯಾರು ಬಿಚ್ಚಿದ್ದು ಇದನ್ನ?"

"ನಾನೇ. ನೀವು ನೋಡೋ ತನಕ ಕಟ್ಟಲ್ಲ."

ಡಾಕ್ಟರು ಬಗ್ಗಿದರು. ಕಪ್ಪಾದ ಅಂಚನ್ನು ಒತ್ತಿ ನೋಡಿದರು. "ಥಿಯೇಟರ್ ರೆಡಿ ಮಾಡಿಸಿ" ಎಂದಾಗ ದನಿ ಇಳಿದಿತ್ತು.

ಸತ್ತ ಚರ್ಮ ಕತ್ತರಿಸಿ, ಪ್ಲೇಟಿಗೆ ಮಾಂಸ ಹೊದಿಸಿದರು. ಮೂರನೇ ವಾರ ಗಾಯ ಕೂಡಿತು. ವೆಲ್ಡರ್ ಎರಡೂ ಕಾಲಿನೊಂದಿಗೆ ಮನೆಗೆ ಹೊರಡುವಾಗ ಡಾಕ್ಟರಿಗೆ ಕೈ ಮುಗಿದ. ಅದೇ ಬೆಳಿಗ್ಗೆ ಅಕ್ಕನಿಗೆ ಮೆಮೋ ಬಂತು: ನಿಯಮ ಮೀರಿ ಗಾಯ ಬಿಚ್ಚಿದ್ದೇಕೆ, ಲಿಖಿತ ಉತ್ತರ ಕೊಡಿ.

ಅಕ್ಕ ಪೆನ್ನು ತೆಗೆದು ತಲೆ ಎತ್ತಿದಳು. ಡಾಕ್ಟರು ಕಿಟಕಿಗೆ ನಾಲ್ಕನೇ ಮಂಚದವನ ಎಕ್ಸ್‌ರೇ ಹಿಡಿದಿದ್ದರು. ಅವನ ಕಾಲು ಹೊದಿಕೆಯ ಕೆಳಗಿತ್ತು.

ಅವಳು ಪೆನ್ನು ಎಸೆದು, ಟ್ರಾಲಿಯನ್ನು ನಾಲ್ಕನೇ ಮಂಚಕ್ಕೆ ತಳ್ಳಿ, ಹೊದಿಕೆ ಸರಿಸಿ ಪಟ್ಟಿ ಬಿಚ್ಚಲು ಕೈ ಹಾಕಿದಳು.