ಸೊಸೆಯ ಬಂಧನದ ಫೋಟೊ

ಇವತ್ತು ಅಳವಂಡಿಯ ನಮ್ಮ ಪಕ್ಕದ ಮನೆಗೆ ವಿಚಾರಣೆಗೆಂದು ಪೊಲೀಸರೊಬ್ಬರು ಬಂದಿದ್ದರು, ಗೆಳೆಯರೇ. ಆ ಮನೆಯ ಮಗ ದಾದಾಪೀರ ಕುವೈತಿನಲ್ಲಿ ಟೇಲರ್ ಆಗಿದ್ದಾಗ ಮೆಚ್ಚಿ ಮದುವೆಯಾದ ಶ್ರೀಲಂಕಾದ ರಿಜ್ವಾನಾ ಭಾರತದ ಪೌರತ್ವಕ್ಕೆ ಅರ್ಜಿ ಹಾಕಿದ್ದಾಳೆ. ನೆರೆಯವಳೆಂದು ನನ್ನನ್ನೂ ಕರೆದಿದ್ದರು. ಅವಳ ಕನ್ನಡ ಕೇಳಿಯೇ ಪೊಲೀಸರು ಅರ್ಧ ಒಪ್ಪಿಬಿಟ್ಟಿದ್ದರು. ಚಹಾ ಕುಡಿಯುತ್ತ ಕೊನೆಯ ಪ್ರಶ್ನೆ ಕೇಳಿದರು: “ಯಾವಾಗರ ಅರೆಸ್ಟ್ ಆಗೀರೇನ್ರಿ?”

ರಿಜ್ವಾನಾ ಬಾಯಿ ತೆರೆಯುವ ಮೊದಲೇ ಅತ್ತೆ ಹುಸೇನಬಿ, “ಆಗ್ಯಾಳಲ್ರಿ! ಕುಡಿಯೋ ನೀರಿಗೆ ರಸ್ತಾ ಬಂದ್ ಮಾಡಿದಾಗ ಎಲ್ಲಾರಕಿಂತ ಮೊದಲ ವ್ಯಾನ್ ಹತ್ತಿದಾಕಿ ನನ್ನ ಸೊಸಿ ನೋಡ್ರಿ” ಎಂದು, ಪೇಪರಿನಲ್ಲಿ ಬಂದ ಫೋಟೊಗೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದನ್ನು ಇಳಿಸಿ ತಂದೇಬಿಟ್ಟರು.

“ಕೇಸ್ ಏನೂ ಹಾಕಿಲ್ರಿ. ಮದುವಿ ಮಾಡೋ ಮಂಗಲ ಕಾರ್ಯಾಲಯದಾಗ ಕುಂದ್ರಿಸಿ ಸಂಜಿಕ ಬಿಟ್ಟಾರ,” ಎಂದೆ ನಾನು.

“ಖರೇ ಇರಬೇಕ್ರಿ ಅಕ್ಕಾರ. ಆದ್ರ ಗೊತ್ತಾದ ಮ್ಯಾಲೆ ನಾ ಬರೀಬೇಕಾಗ್ತೈತಿ. ಕೇಸ್ ಇಲ್ಲಂತ ಠಾಣೆದಿಂದ ಪತ್ರ ತರ್ರಿ.”

“ಕೇಸೇ ಇಲ್ಲಂದ್ರ ಯಾವ ನಂಬರ್ ಹೇಳಿ ಪತ್ರ ಕೇಳೂಣ್ರಿ?” ಎಂದ ದಾದಾಪೀರ.

“ಅದೇ ತ್ರಾಸ ನೋಡ್ರಿ,” ಎಂದು ಅವರು ಎದ್ದರು. ಅರ್ಜಿ ಇನ್ನೆಷ್ಟು ದಿನ ಕೊಳೆಯುತ್ತದೋ ಅವರಿಗೂ ಗೊತ್ತಿಲ್ಲ.

“ನನ್ನ ಬಾಯಾಗ ಮಣ್ಣ ಬೀಳಲಿ,” ಎಂದು ಹುಸೇನಬಿ ಫೋಟೊವನ್ನು ಟ್ರಂಕಿನೊಳಗೆ ಇಟ್ಟರು. ಸೊಸೆಯೇ ಅವರನ್ನು ಸಮಾಧಾನ ಮಾಡುತ್ತಿದ್ದಳು.

ಆ ಫೋಟೊದಲ್ಲಿ ಅವಳ ಪಕ್ಕ ನಿಂತವಳು ನಾನು. ಇದೇ ಊರಲ್ಲಿ ಹುಟ್ಟಿದ್ದರಿಂದ ನನ್ನನ್ನು ಯಾರೂ ಅದರ ಬಗ್ಗೆ ಕೇಳಿಲ್ಲ; ನನಗೆ ಆ ಬಂಧನದ್ದು ನೆನಪಿರುವುದು ಪೊಲೀಸರು ತಿನ್ನಿಸಿದ ಉಪ್ಪಿಟ್ಟು ಮಾತ್ರ.